ಅಜ್ಜಿಯ ಬೆರಳು, ಮೊಮ್ಮಗಳ ಬೆರಳು: ವಯಸ್ಸಾದಂತೆ ಚರ್ಮದ ರಕ್ತದ ಹರಿವು ಹೇಗೆ ಬದಲಾಗುತ್ತದೆ ಅಂತ ಅಳೆಯುವುದು

ಹೋದ ಜನವರಿಯಲ್ಲಿ ಮಗಳ ಸೈನ್ಸ್ ಪ್ರಾಜೆಕ್ಟ್ ಅಂತ ಶುರುವಾದ ಕೆಲಸ ಇದು. ಮನೆಯಲ್ಲಿ ಮೂರು ತಲೆಮಾರು ಇದೆ, ಪಲ್ಸ್ ಆಕ್ಸಿಮೀಟರ್ ಇದೆ, ಕೊರೋನಾ ಕಾಲದಲ್ಲಿ ತಂದ ಥರ್ಮಾಮೀಟರ್ ಗನ್ ಇದೆ, ಇನ್ನೇನು ಬೇಕು ಅಂದುಕೊಂಡೆ. ಮಂಡ್ಯದ ನಮ್ಮ ಮನೆಯಲ್ಲಿ ಬೆಳಗ್ಗೆ ಏಳಕ್ಕೆ ಅವ್ವನನ್ನು ಕೂರಿಸಿ ಬೆರಳಿಗೆ ಕ್ಲಿಪ್ ಹಾಕಿದೆವು. ಅದರಲ್ಲಿ ಆಕ್ಸಿಜನ್ ಜೊತೆ ಬರುವ ಪಿಐ ಅನ್ನೋ ಅಂಕಿ (ಬೆರಳಲ್ಲಿ ನಾಡಿ ಎಷ್ಟು ಬಲವಾಗಿದೆ ಅಂತ ತೋರಿಸುವುದು) ತೀರಾ ಕಡಿಮೆ ಬಂತು. ಮಗಳದ್ದು ಅದರ ಹಲವು ಪಟ್ಟು. "ವಯಸ್ಸಾದರೆ ರಕ್ತ ಹರಿಯುವುದಿಲ್ಲ" ಅಂತ ಅವಳು ಪುಸ್ತಕದಲ್ಲಿ ಬರೆದೂ ಬಿಟ್ಟಳು. ಆಮೇಲೆ ನೆನಪಾಯಿತು: ಅವ್ವ ಆಗ ತಾನೇ ಅಂಗಳಕ್ಕೆ ತಣ್ಣೀರು ಹಾಕಿ, ರಂಗೋಲಿ ಬಿಟ್ಟು ಒಳಗೆ ಬಂದಿದ್ದಳು. ಮಗಳು ರಗ್ಗಿನೊಳಗಿಂದ ಎದ್ದು ಬಂದಿದ್ದಳು. ಅವತ್ತು ನಾವು ಅಳೆದದ್ದು ಬಕೆಟ್ಟಿನ ನೀರನ್ನು.

ಅಲ್ಲಿಂದ ಮುಂದೆ ಎರಡು ತಿಂಗಳು ತಪ್ಪು ಮಾಡುತ್ತಾ, ಓದುತ್ತಾ, ಫಿಸಿಯಾಲಜಿ ಗೊತ್ತಿದ್ದವರನ್ನು ಕೇಳುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಮಾಡಬಹುದಾದದ್ದು ಮೊದಲು, ಲ್ಯಾಬ್‌ನಲ್ಲಿ ಮಾಡುವಂಥದ್ದು ಆಮೇಲೆ.

ಏನನ್ನು ಅಳೆಯಬೇಕು

ಇದೊಂದು ಅರ್ಥವಾದರೆ ಮುಕ್ಕಾಲು ಕೆಲಸ ಮುಗಿದಂತೆ. ನಮ್ಮ ಕಡೆಯ ವಿಸಿ (ವಿಶ್ವೇಶ್ವರಯ್ಯ) ನಾಲೆಯನ್ನು ನೋಡಿದವರಿಗೆ ಸುಲಭವಾಗಿ ಹೇಳಬಹುದು. ಬೇಸಿಗೆಯಲ್ಲಿ ನಾಲೆ ಒಣಗಿ ಮಲಗಿರುವಾಗ ಯಾವ ತೂಬು ಚೆನ್ನಾಗಿದೆ, ಯಾವ ಕಡೆ ಹೂಳು ತುಂಬಿದೆ ಅಂತ ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಕೊನೆ ಭಾಗದ ಗದ್ದೆಗೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಬಂತು, ಕಟ್ಟು ನೀರಿನ ಸರದಿಯಲ್ಲಿ ತೂಬು ಮುಚ್ಚಿದ ಮೇಲೂ ಎಷ್ಟು ಸೋರಿತು, ಆಗ ಗೊತ್ತಾಗುತ್ತದೆ.

ಚರ್ಮವೂ ಹೀಗೇ. ಆರಾಮಾಗಿ, ಹದವಾದ ಹವೆಯಲ್ಲಿ ಕೂತಿರುವಾಗ ಇಡೀ ಮೈ ಚರ್ಮಕ್ಕೆ ನಿಮಿಷಕ್ಕೆ ಸುಮಾರು ಕಾಲು ಲೀಟರಿನಿಂದ ಅರ್ಧ ಲೀಟರ್ ರಕ್ತ ಹೋಗುತ್ತದೆ. ಮೈ ವಿಪರೀತ ಬಿಸಿಯಾದಾಗ ಗಟ್ಟಿಮುಟ್ಟಾದ ಯುವಕರಲ್ಲಿ ಅದು ನಿಮಿಷಕ್ಕೆ 6ರಿಂದ 8 ಲೀಟರಿನವರೆಗೂ ಏರುತ್ತದೆ. ವಯಸ್ಸಿನ ಪೆಟ್ಟು ಬೀಳುವುದು ಮುಖ್ಯವಾಗಿ ಈ ಏರಿಕೆಯ ಮೇಲೆ. ಮೈ ಪೂರ್ತಿ ಬಿಸಿಮಾಡಿ ನೋಡಿದ ಪ್ರಯೋಗಗಳಲ್ಲಿ, ಆರೋಗ್ಯವಾಗಿರುವ ಹಿರಿಯರಲ್ಲೂ ಚರ್ಮದ ಹರಿವು ಚಿಕ್ಕವರಿಗಿಂತ ಕಾಲು ಭಾಗದಿಂದ ಅರ್ಧದವರೆಗೆ ಕಡಿಮೆ ಕಂಡಿದೆ. ರಕ್ತನಾಳದ ಒಳಗೋಡೆ ಮಾಡುವ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ನಾಳವನ್ನು ಸಡಿಲ ಮಾಡುತ್ತದೆ. ವಯಸ್ಸಾದಂತೆ ಅದರ ಕೆಲಸ ಕುಗ್ಗುತ್ತದೆ. ನರಗಳಿಂದ ಬರುವ ಸೂಚನೆಯೂ ಮಂಕಾಗುತ್ತದೆ. ಚರ್ಮದ ಮೇಲ್ಪದರದ ಕಡೆಗೆ ಕುಣಿಕೆಯಂತೆ ಏಳುವ ಲೋಮನಾಳಗಳು ಕಡಿಮೆಯಾಗುತ್ತವೆ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಮುಖ ಇದೆ. ಚಳಿಯಾದಾಗ ನಾಳಗಳು ಬಿಗಿದುಕೊಂಡು ಶಾಖ ಉಳಿಸಬೇಕು, ಅಲ್ವಾ? ಅದೂ ಹಿರಿಯರಲ್ಲಿ ಅರೆಬರೆ. ಹಳೆಯ ತೂಬು ಪೂರ್ತಿ ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಹಾಗಾಗಿ ಸುಮ್ಮನಿದ್ದಾಗಿನ ಅಂಕಿ ಹಿಡಿದು ವಯಸ್ಸಿನ ಬಗ್ಗೆ ಮಾತಾಡಬೇಡಿ. ಚರ್ಮಕ್ಕೆ ಒಂದು ಕೆಲಸ ಕೊಡಿ, ಅದು ಎಷ್ಟು ತೆರೆಯಿತು, ಎಷ್ಟು ಮುಚ್ಚಿತು, ಎಷ್ಟು ಬೇಗ ವಾಪಸ್ ಬಂತು ಅಂತ ನೋಡಿ. ಕೆಳಗಿನ ಎಲ್ಲಾ ಪರೀಕ್ಷೆಯೂ ಇದೇ ಲೆಕ್ಕದ್ದು.

ಯಾರಿಗೆ ಮಾಡಬಾರದು

ಇಲ್ಲಿರುವುದು ಕಲಿಯಲಿಕ್ಕೆ, ಕಾಯಿಲೆ ಪತ್ತೆಗಲ್ಲ. ಸಕ್ಕರೆ ಕಾಯಿಲೆಯಿಂದ ಕೈಕಾಲು ಜೋಮು ಹಿಡಿಯುವವರು, ಚಳಿಗೆ ಬೆರಳು ಬೆಳ್ಳಗೆ ಇಲ್ಲವೇ ನೀಲಿಯಾಗುವವರು, ಎದೆನೋವು ಇರುವವರು, ಕೈ ಮೇಲೆ ಗಾಯ ಇರುವವರು: ಇವರಿಗೆ ತಣ್ಣೀರಿನ ಪರೀಕ್ಷೆ ಬೇಡ. ಐಸ್ ಯಾರಿಗೂ ಬೇಡ. ಬಿಸಿನೀರಲ್ಲಿ ಕೈ ಅದ್ದಿಸುವ ಆಟವೂ ಬೇಡ, ಯಾಕೆಂದರೆ ವಯಸ್ಸಾದವರಿಗೆ ಸುಡುವುದು ತಡವಾಗಿ ಗೊತ್ತಾಗುತ್ತದೆ. ಮತ್ತೆ, ಪರೀಕ್ಷೆಗೆ ಅಂತ ಬಿಪಿ ಮಾತ್ರೆ ನಿಲ್ಲಿಸಬೇಡಿ. ಅಮ್ಲೋಡಿಪಿನ್‌ನಂಥ ಮಾತ್ರೆ ನಾಳವನ್ನು ಸಡಿಲ ಮಾಡುತ್ತದೆ, ಓದು (ಸಾಧನ ತೋರಿಸುವ ಅಂಕಿ) ಬದಲಾಗುತ್ತದೆ, ನಿಜ. ಮಾತ್ರೆಯ ಹೆಸರು, ತೆಗೆದುಕೊಂಡ ಸಮಯ ಬರೆದುಕೊಳ್ಳಿ, ಅಷ್ಟೇ.

ಕೋಣೆ ಮತ್ತು ಕೂರುವ ರೀತಿ

ಬೇಜಾರಿನ ಕೆಲಸ, ಆದರೆ ನಮ್ಮ ಮೊದಲ ದಿನ ಹಾಳಾಗಿದ್ದು ಇಲ್ಲೇ. ಲ್ಯಾಬ್‌ಗಳಲ್ಲಿ ಕೋಣೆಯನ್ನು 22ರಿಂದ 24 ಡಿಗ್ರಿಯಲ್ಲಿ ಇಡುತ್ತಾರೆ. ಮನೆಯಲ್ಲಿ ಅದು ಸಾಧ್ಯವಿಲ್ಲದಿದ್ದರೆ ಬೇಡ, ಆದರೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ, ಒಂದೇ ದಿನ, ಹತ್ತಿರ ಹತ್ತಿರದ ಸಮಯದಲ್ಲಿ ಅಳೆಯಿರಿ. ಗೋಡೆಯ ಥರ್ಮಾಮೀಟರ್ ಎರಡು ಡಿಗ್ರಿಗಿಂತ ಜಾಸ್ತಿ ಆಚೀಚೆ ಆದರೆ ಆ ದಿನದ ಓದನ್ನು ಬೇರೆ ಇಡಿ. ಏಪ್ರಿಲ್ ಮಧ್ಯಾಹ್ನದ ಮಂಡ್ಯದಲ್ಲಿ ಅವ್ವನನ್ನು, ಸಂಜೆ ಮಳೆ ಬಿದ್ದ ಮೇಲೆ ಮಗಳನ್ನು ಅಳೆದರೆ ಹವಾಮಾನದ ವರದಿ ಸಿಗುತ್ತದೆ. ಫ್ಯಾನ್ ಆಫ್ ಮಾಡಿ. ಕರೆಂಟ್ ಹೋಗಿ ಬಂದರೆ ಫ್ಯಾನ್ ತಾನಾಗಿ ತಿರುಗಲು ಶುರುವಾಗದಂತೆ ಸ್ವಿಚ್ಚನ್ನೇ ಆಫ್ ಮಾಡಿ, ಇದು ನಮಗೆ ಆಗಿದೆ.

ಅಳೆಯುವ ಮುಂಚೆ 20 ನಿಮಿಷ ಸುಮ್ಮನೆ ಕೂರಬೇಕು. ಕೈ ಎದೆಯ ಮಟ್ಟದಲ್ಲಿ, ದಿಂಬಿನ ಮೇಲೆ. ಕೈ ಕೆಳಗೆ ಇಳಿಬಿಟ್ಟರೆ ಒಂದು ಅಂಕಿ, ಮೇಲೆತ್ತಿದರೆ ಇನ್ನೊಂದು. ಊಟ ಆಗಿ ಎರಡು ಗಂಟೆಯಾದರೂ ಆಗಿರಲಿ. ಕಾಫಿ, ಟೀ ಹಿಂದಿನ ರಾತ್ರಿಯಿಂದಲೇ ಬೇಡ, ಬೀಡಿ ಸಿಗರೇಟೂ ಬೇಡ. ನಮ್ಮ ಕಡೆ ಮರೆಯಬಾರದ್ದು ಎಲೆ ಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪು: ಅದರ ನಿಕೋಟಿನ್ ಬೆರಳ ನಾಳಗಳನ್ನು ಚೆನ್ನಾಗಿ ಬಿಗಿಯುತ್ತದೆ, ಆದರೆ "ಬೀಡಿ ಸೇದ್ತೀರಾ" ಅಂತ ಕೇಳಿದರೆ ಯಾರೂ ಹೊಗೆಸೊಪ್ಪಿನ ಮಾತು ಎತ್ತುವುದಿಲ್ಲ. ಬೇರೆಯಾಗಿಯೇ ಕೇಳಿ. "ಕಾಫಿ ಕುಡೀದೆ ಹೆಂಗ್ಲಾ ಕೂತ್ಕಳದು" ಅಂತ ಅವ್ವ ಮೊದಲ ದಿನ ಜಗಳಕ್ಕೇ ನಿಂತಳು. ಬೆಳಗ್ಗೆ ಬೇಗ ಮುಗಿಸಿಕೊಡುತ್ತೇನೆ ಅಂತ ಒಪ್ಪಿಸಬೇಕಾಯಿತು.

ಮೊದಲ ಪರೀಕ್ಷೆ: ಬೆರಳು ಒತ್ತಿ ಬಿಡುವುದು

ಡಾಕ್ಟರುಗಳು ಉಗುರನ್ನು ಒತ್ತಿ, ಬೆಳ್ಳಗಾದದ್ದು ಮತ್ತೆ ಕೆಂಪಾಗಲು ಎಷ್ಟು ಹೊತ್ತು ಅಂತ ನೋಡುವುದನ್ನು ಕಂಡಿರುತ್ತೀರಿ. ಎರಡು ಸೆಕೆಂಡಿನೊಳಗೆ ಆದರೆ ಸರಿ ಅನ್ನೋದು ಬಹಳ ಹಳೆಯ ಲೆಕ್ಕ. 1988ರಲ್ಲಿ ಅಮೆರಿಕದ ಶ್ರಿಗರ್ ಮತ್ತು ಬಾರಫ್ ಅನ್ನೋ ವೈದ್ಯರು ಆರೋಗ್ಯವಂತರನ್ನೇ ಅಳೆದು ನೋಡಿದರು. ಮಕ್ಕಳಿಗೆ ಮತ್ತು ಗಂಡಸರಿಗೆ ಎರಡು ಸೆಕೆಂಡು ಸರಿಯಿತ್ತು, ಹೆಂಗಸರಿಗೆ 2.9, ವಯಸ್ಸಾದವರಿಗೆ 4.5 ಸೆಕೆಂಡಿನವರೆಗೂ ಸಹಜ ಅನ್ನಬೇಕಾಯಿತು. ಕೈ ತಣ್ಣಗಾದರೆ ಸಮಯ ಹೆಚ್ಚುತ್ತದೆ ಅಂತಲೂ ಅವರೇ ತೋರಿಸಿದರು. ವಯಸ್ಸು ಕಣ್ಣಿಗೇ ಕಾಣುವ, ಖರ್ಚಿಲ್ಲದ ಪರೀಕ್ಷೆ ಇದೊಂದೇ ಅನ್ನಬಹುದು.

ಕಷ್ಟ ಏನೆಂದರೆ ಒಬ್ಬೊಬ್ಬರು ಒಂದೊಂದು ಜೋರಿನಲ್ಲಿ ಒತ್ತುತ್ತಾರೆ. ನಾವು ಕಂಡುಕೊಂಡ ದಾರಿ ಇದು: ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಮಧ್ಯದ ಬೆರಳನ್ನು ಅಂಗೈ ಕಡೆ ಮೇಲೆ ಬರುವಂತೆ ಇಟ್ಟು, ತಕ್ಕಡಿಯನ್ನು ಸೊನ್ನೆ ಮಾಡಿ, ಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ತಕ್ಕಡಿ 500 ಗ್ರಾಂ ತೋರಿಸುವವರೆಗೆ ಒತ್ತಿ, ಐದು ಸೆಕೆಂಡು ಹಿಡಿದು, ತಟ್ಟನೆ ತೆಗೆಯುವುದು. ಒಂದು ಚದರ ಸೆಂಟಿಮೀಟರಿನ ಮೇಲೆ ಅರ್ಧ ಕೆಜಿ ಅಂದರೆ ಬಿಪಿ ಅಳೆಯುವ ಪಾದರಸದ ಲೆಕ್ಕದಲ್ಲಿ ಸುಮಾರು 370 ಎಂಎಂ ಒತ್ತಡ. ಯಾರ ಬಿಪಿಗಿಂತಲೂ ಜಾಸ್ತಿ, ಹಾಗಾಗಿ ರಕ್ತ ಪೂರ್ತಿ ಸರಿಯುತ್ತದೆ.

ಕಣ್ಣಳತೆ ಬೇಡ. ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಫೋನಿನಲ್ಲಿ ವಿಡಿಯೋ ಮಾಡಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡು. ಫೋನು ಬೆಳಕನ್ನು ತಾನೇ ಸರಿಮಾಡಿಕೊಳ್ಳದಂತೆ ಎಕ್ಸ್‌ಪೋಶರ್ ಲಾಕ್ ಮಾಡಿ. ಆಮೇಲೆ ಇಮೇಜ್‌ಜೆ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಬೆರಳ ತುದಿಯ ಚೌಕವೊಂದನ್ನು ಆರಿಸಿ ಹಸಿರು ಬಣ್ಣದ ಮೊತ್ತ ಮಾತ್ರ ನೋಡಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ, ಆದ್ದರಿಂದ ರಕ್ತ ವಾಪಸ್ ಬಂದಂತೆ ಹಸಿರು ಇಳಿಯುತ್ತದೆ. ಒತ್ತಿದಾಗ ಏರಿದ ಹಸಿರಿನಲ್ಲಿ ಶೇ. 90 ಭಾಗ ವಾಪಸ್ ಇಳಿಯುವವರೆಗಿನ ಫ್ರೇಮುಗಳನ್ನು ಎಣಿಸಿ. ಒಬ್ಬರಿಗೆ ಐದು ಸಲ ಮಾಡಿ, ನಡುವಿನ ಅಂಕಿ ತೆಗೆದುಕೊಳ್ಳಿ. ನಮ್ಮ ಮೈಬಣ್ಣಕ್ಕೆ ಮುಂಗೈಗಿಂತ ಬೆರಳ ತುದಿಯೇ ಚೆನ್ನಾಗಿ ಕಾಣುತ್ತದೆ. ಗೋರಂಟಿ ಹಾಕಿದ ಬೆರಳು ಬೇಡ, ಅದು ಪೂರ್ತಿ ಹೋಗುವವರೆಗೆ ಕಾಯಿರಿ. ಗದ್ದೆ ಕೆಲಸ ಮಾಡಿ ಜಡ್ಡುಗಟ್ಟಿದ ಬೆರಳಿನಲ್ಲಿ ಬಣ್ಣದ ಬದಲಾವಣೆ ಸರಿಯಾಗಿ ಕಾಣುವುದಿಲ್ಲ, ಅದನ್ನೂ ಬರೆದಿಡಿ.

ಎರಡನೆಯದು: ತಣ್ಣೀರು, ಆಮೇಲೆ ಕಾಯುವುದು

ನನಗೆ ಬಹಳ ಇಷ್ಟವಾದದ್ದು ಇದು. ಬಿಗಿದುಕೊಂಡ ನಾಳ ಮತ್ತೆ ಸಡಿಲಾಗಿ ಬೆರಳು ಬೆಚ್ಚಗಾಗಲು ಎಷ್ಟು ಹೊತ್ತು ಅಂತ ನೋಡುವುದು.

ಹೂಜಿಯ ನೀರನ್ನು 20 ಡಿಗ್ರಿಗೆ ತನ್ನಿ, ಥರ್ಮಾಮೀಟರ್ ಇಟ್ಟೇ ನೋಡಿ. ಕೈಗೆ ತೆಳು ಪ್ಲಾಸ್ಟಿಕ್ ಗ್ಲೌಸ್ ಹಾಕಿಸಿ, ಮಣಿಕಟ್ಟಿನವರೆಗೆ ಒಂದು ನಿಮಿಷ ಅದ್ದಿಸಿ. ಗ್ಲೌಸ್ ಯಾಕೆಂದರೆ, ಒದ್ದೆ ಕೈ ಆರುವಾಗ ತಾನಾಗೇ ತಣ್ಣಗಾಗುತ್ತದೆ, ಲೆಕ್ಕ ಕೆಡುತ್ತದೆ. ಹೊರತೆಗೆದು, ಗ್ಲೌಸ್ ಬಿಚ್ಚಿ, ಮಧ್ಯದ ಬೆರಳ ತುದಿಯ ಬಿಸಿಯನ್ನು ತಕ್ಷಣ ಒಮ್ಮೆ, ಆಮೇಲೆ ಪ್ರತಿ ನಿಮಿಷ, ಹತ್ತು ನಿಮಿಷದವರೆಗೆ ಬರೆದುಕೊಳ್ಳಿ.

ಥರ್ಮಾಮೀಟರ್ ಗನ್ನಿನಲ್ಲಿ ಒಂದು ಮೋಸ ಇದೆ, ಗೊತ್ತಿರಲಿ. ಹಣೆಗೆ ಹಿಡಿಯುವಂಥದ್ದು ಹಣೆಯ ಬಿಸಿಯನ್ನು ಓದಿ, ಅದಕ್ಕೆ ಒಂದಿಷ್ಟು ಸೇರಿಸಿ ಮೈಬಿಸಿ ಅಂತ ತೋರಿಸುತ್ತದೆ. ಬೆರಳಿಗೆ ಹಿಡಿದರೂ ಹಾಗೇ ಸುಳ್ಳು ಹೇಳುತ್ತದೆ. ವಸ್ತುಗಳ ಮೇಲ್ಮೈ ಅಳೆಯುವ ಮೋಡ್‌ಗೆ ಬದಲಿಸಿ, ಆ ಮೋಡ್ ಇಲ್ಲದಿದ್ದರೆ ಆ ಗನ್ ಬೇಡ. ಕಾರ್ಖಾನೆಗಳಲ್ಲಿ ಬಳಸುವ ಗನ್ ಆದರೆ ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಸೂಸುತ್ತದೆ ಅನ್ನೋ ಅಂಕಿ) 0.98 ಇಡಿ, ಚರ್ಮಕ್ಕೆ ಅದೇ. 12:1 ಅಂತ ಬರೆದಿದ್ದರೆ 12 ಸೆಂಟಿಮೀಟರ್ ದೂರದಿಂದ 1 ಸೆಂಟಿಮೀಟರ್ ಅಗಲದ ಜಾಗವನ್ನು ನೋಡುತ್ತದೆ ಅಂತ ಅರ್ಥ. ಬೆರಳು ಅಷ್ಟೇ ಅಗಲ, ಸ್ವಲ್ಪ ಕೈ ನಡುಗಿದರೂ ಹಿಂದಿನ ದಿಂಬಿನ ಬಿಸಿ ಸೇರುತ್ತದೆ. ಐದು ಸೆಂಟಿಮೀಟರಿಗೆ ತನ್ನಿ.

ಲೆಕ್ಕ ಹೀಗೆ. ಅದ್ದುವ ಮೊದಲು 33 ಡಿಗ್ರಿ, ಹೊರತೆಗೆದಾಗ 24, ಐದು ನಿಮಿಷಕ್ಕೆ 30 ಅಂತಿಟ್ಟುಕೊಳ್ಳಿ. ಬಿದ್ದದ್ದು 9, ವಾಪಸ್ ಬಂದದ್ದು 6, ಅಂದರೆ ಶೇ. 67. ಶೇಕಡಾ ಲೆಕ್ಕ ಹಾಕದೆ ಬರಿ ಡಿಗ್ರಿ ಹೋಲಿಸಿದರೆ, ಮೊದಲೇ ತಣ್ಣಗಿದ್ದ ಬೆರಳಿಗೆ ಅನ್ಯಾಯವಾಗುತ್ತದೆ. ಜೊತೆಗೆ ಮುಂಗೈಯ ಬಿಸಿಯನ್ನೂ ಓದಿ. ಬೆರಳು ಮುಂಗೈಗಿಂತ ನಾಲ್ಕು ಡಿಗ್ರಿಯಷ್ಟು ತಣ್ಣಗಿದ್ದರೆ ನಾಳಗಳು ಬಿಗಿದುಕೊಂಡೇ ಇವೆ ಅಂತ ತಿಳಿಯಿರಿ. ಪರೀಕ್ಷೆಗೆ ಮುಂಚೆಯೇ ಹಾಗಿದ್ದರೆ ಇನ್ನೂ ಹದಿನೈದು ನಿಮಿಷ ಕೂರಿಸಿ.

ಬಿಸಿ ಬೇರೆ, ಹರಿವು ಬೇರೆ, ಇದೂ ನೆನಪಿರಲಿ. ದಪ್ಪ ಬೆರಳು ನಿಧಾನವಾಗಿ ಬಿಸಿಯಾಗುತ್ತದೆ, ರಕ್ತ ಚೆನ್ನಾಗಿಯೇ ಬರುತ್ತಿದ್ದರೂ.

ಮೂರನೆಯದು: ಆಕ್ಸಿಮೀಟರ್ ಮತ್ತು ಒಂದು ದೊಡ್ಡ ಉಸಿರು

ಹಲವು ಆಕ್ಸಿಮೀಟರ್‌ಗಳಲ್ಲಿ ಆಕ್ಸಿಜನ್ ಜೊತೆ ಪಿಐ ಅಂತ ಇನ್ನೊಂದು ಅಂಕಿ ಬರುತ್ತದೆ. ಪರ್ಫ್ಯೂಷನ್ ಇಂಡೆಕ್ಸ್. ನಾಡಿಯ ಜೊತೆ ಏರಿಳಿಯುವ ಬೆಳಕು, ಏರಿಳಿಯದ ಬೆಳಕಿನ ಎಷ್ಟು ಶೇಕಡಾ ಅನ್ನೋದು ಅದು. ಸಾಮಾನ್ಯವಾಗಿ 0.2ರಿಂದ 20ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಹಾಗಾಗಿ ಒಬ್ಬರ ಪಿಐಯನ್ನು ಇನ್ನೊಬ್ಬರದಕ್ಕೆ ನೇರ ಹೋಲಿಸುವುದು ಶುದ್ಧ ದಡ್ಡತನ. ನಮ್ಮ ಮೊದಲ ದಿನದ ತಪ್ಪು ಅದೇ.

ಬದಲಿಗೆ ಹೀಗೆ ಮಾಡಿ. ಪಿಐ ಒಂದು ನಿಮಿಷ ಸ್ಥಿರವಾಗಿ ನಿಂತ ಮೇಲೆ, ತಟ್ಟನೆ ಗಾಬರಿಯಾದವರಂತೆ ಆಳವಾಗಿ ಉಸಿರು ಎಳೆದುಕೊಳ್ಳಲು ಹೇಳಿ, ಒಂದೆರಡು ಸೆಕೆಂಡಿನಲ್ಲಿ ಬಿಡಲಿ. ನರಗಳ ಪ್ರತಿಕ್ರಿಯೆಯಿಂದ ಬೆರಳ ನಾಳಗಳು ಬಿಗಿದು ಪಿಐ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ, ಆಮೇಲೆ ಏರುತ್ತದೆ. ಸಾಧನ ಸರಾಸರಿ ತೆಗೆದು ತೋರಿಸುವುದರಿಂದ ಸ್ವಲ್ಪ ತಡವಾಗಿ ಕಾಣುತ್ತದೆ, ಪರದೆಯನ್ನು ವಿಡಿಯೋ ಮಾಡಿ. 4.0 ಇದ್ದದ್ದು 2.2ಕ್ಕೆ ಇಳಿದರೆ ಇಳಿತ ಶೇ. 45. ಎರಡು ನಿಮಿಷ ಬಿಟ್ಟು ಮತ್ತೆ, ಒಟ್ಟು ಮೂರು ಸಲ. ತೂಬು ಮುಚ್ಚುವ ಶಕ್ತಿಯನ್ನು ಮನೆಯಲ್ಲೇ ನೋಡಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಗಲಿಲ್ಲ.

ಫೋನ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ "ನಿಮ್ಮ ರಕ್ತನಾಳದ ವಯಸ್ಸು ಇಷ್ಟು" ಅನ್ನೋ ಆಪ್‌ಗಳನ್ನು ಬಿಟ್ಟುಬಿಡಿ. ನಾಡಿಯ ಅಲೆಯ ಆಕಾರ ವಯಸ್ಸಿನ ಜೊತೆ ಬದಲಾಗುವುದು ನಿಜ, ಎರಡನೇ ಚಿಕ್ಕ ಉಬ್ಬು ಮಾಯವಾಗುತ್ತಾ ಹೋಗುತ್ತದೆ; ಆದರೆ ಅದು ಹೆಚ್ಚಾಗಿ ದೊಡ್ಡ ರಕ್ತನಾಳಗಳ ಪೆಡಸುತನದ ಕಥೆ. ಜೊತೆಗೆ ಫ್ಲಾಶ್ ಬೆರಳನ್ನೇ ಬಿಸಿ ಮಾಡುತ್ತದೆ.

ಲ್ಯಾಬ್ ಸಿಕ್ಕರೆ: ಲೇಸರ್ ಡಾಪ್ಲರ್

ಇದು ಎಂಎಸ್ಸಿ, ವೈದ್ಯಕೀಯ ವಿದ್ಯಾರ್ಥಿಗಳಿಗೆ. ಮೈಸೂರಿನ ಇಲ್ಲವೇ ಮಂಡ್ಯದ ವೈದ್ಯಕೀಯ ಕಾಲೇಜುಗಳ ಫಿಸಿಯಾಲಜಿ ವಿಭಾಗದಲ್ಲಿ ಮೊದಲು ವಿಚಾರಿಸಿ. ಮನುಷ್ಯರ ಮೇಲಿನ ಸಂಶೋಧನೆ ಅಂದ ಮೇಲೆ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಭಾಗವಹಿಸುವವರ ಸಹಿ ಎರಡೂ ಬೇಕು.

1975ರಲ್ಲಿ ಮೈಕೆಲ್ ಸ್ಟರ್ನ್ ಅನ್ನೋ ವಿಜ್ಞಾನಿ ತೋರಿಸಿದ ವಿಚಾರ ಇದು: ಚಲಿಸುವ ರಕ್ತಕಣಕ್ಕೆ ಬಡಿದು ವಾಪಸ್ ಬರುವ ಲೇಸರ್ ಬೆಳಕಿನ ಕಂಪನ ಸ್ವಲ್ಪ ಬದಲಾಗುತ್ತದೆ. ಈಗಿನ ಹಲವು ಯಂತ್ರಗಳು 780 ನ್ಯಾನೋಮೀಟರ್ ಬೆಳಕನ್ನು ಬಳಸಿ, ಸುಮಾರು ಒಂದು ಘನ ಮಿಲಿಮೀಟರ್ ಚರ್ಮವನ್ನು ಓದುತ್ತವೆ. ಬರುವ ಅಂಕಿ ಮಿಲಿಲೀಟರ್ ಅಲ್ಲ, ಕಣಗಳ ಸಂಖ್ಯೆ ಮತ್ತು ವೇಗದ ಗುಣಲಬ್ಧ. ಪ್ರೋಬನ್ನು (ಚರ್ಮಕ್ಕೆ ಅಂಟಿಸುವ ಯಂತ್ರದ ತುದಿ) ಒಂದೆರಡು ಮಿಲಿಮೀಟರ್ ಸರಿಸಿದರೂ ಅಂಕಿ ಬದಲು. ಆದ್ದರಿಂದ ಮುಂಗೈಯ ಒಳಭಾಗದಲ್ಲಿ, ಕಣ್ಣಿಗೆ ಕಾಣುವ ರಕ್ತನಾಳ ಇಲ್ಲದ ಕಡೆ ಅಂಟಿಸಿದ ಮೇಲೆ ಕೊನೆಯವರೆಗೂ ಅಲುಗಾಡಿಸಬೇಡಿ. ಬೆರಳ ತುದಿ ಬೇಡವೇ? ಅಲ್ಲಿ ನಾಳದಿಂದ ನಾಳಕ್ಕೆ ನೇರ ಅಡ್ಡದಾರಿಗಳಿವೆ, ಅಂಕಿ ಹುಚ್ಚುಚ್ಚಾಗಿ ಕುಣಿಯುತ್ತದೆ.

ಪ್ರೋಬಿನ ಸುತ್ತ ಪುಟ್ಟ ಹೀಟರ್ ಇರುತ್ತದೆ. 33 ಡಿಗ್ರಿಯಲ್ಲಿ ಹತ್ತು ನಿಮಿಷ ಓದಿ. ಆಮೇಲೆ 42 ಡಿಗ್ರಿಗೆ ಏರಿಸಿ 30ರಿಂದ 40 ನಿಮಿಷ ಹಿಡಿಯಿರಿ. ಮೊದಲ ಕೆಲವು ನಿಮಿಷದಲ್ಲೇ ಒಂದು ಶಿಖರ, ಸ್ವಲ್ಪ ಇಳಿತ, ಆಮೇಲೆ ನಿಧಾನವಾಗಿ ಏರಿ ಸಮತಟ್ಟು. ಮೊದಲ ಶಿಖರ ಮುಖ್ಯವಾಗಿ ಚರ್ಮದ ಸಂವೇದನಾ ನರಗಳದ್ದು, ಸಮತಟ್ಟು ಮುಖ್ಯವಾಗಿ ನೈಟ್ರಿಕ್ ಆಕ್ಸೈಡಿನದ್ದು. ಹಿರಿಯರಲ್ಲಿ ಎರಡೂ ತಗ್ಗುತ್ತವೆ. ಕೊನೆಗೆ 44 ಡಿಗ್ರಿಗೆ ಏರಿಸಿ ಆ ಜಾಗದ ಗರಿಷ್ಠ ಪಡೆಯುತ್ತಾರೆ. ಉರಿ ಅಂದರೆ ತಕ್ಷಣ ನಿಲ್ಲಿಸಿ.

ಐದೈದು ನಿಮಿಷಕ್ಕೆ ಇನ್ನೊಂದು ಕೈಯಲ್ಲಿ ಬಿಪಿ ನೋಡಬೇಕು, ಇದನ್ನು ಬಿಟ್ಟವರೇ ಜಾಸ್ತಿ. ಬಿಪಿ ಜಾಸ್ತಿ ಇದ್ದರೆ ನಾಳ ತೆರೆಯದಿದ್ದರೂ ಹರಿವು ಜಾಸ್ತಿ ಕಾಣುತ್ತದೆ, ವಯಸ್ಸಾದವರಲ್ಲಿ ಬಿಪಿ ಇರುವುದೇ ಹೆಚ್ಚು. ಕೆಳಗಿನ ಬಿಪಿಗೆ ಎರಡರ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸಿದರೆ ಸರಾಸರಿ ಒತ್ತಡ: 140/80 ಆದರೆ 100. ಸಮತಟ್ಟಿನ ಓದು 120 ಇದ್ದರೆ ಅದನ್ನು 100ರಿಂದ ಭಾಗಿಸಿ 1.2. ಗರಿಷ್ಠ 160 ಇದ್ದರೆ 1.6. ಅಂದರೆ ಗರಿಷ್ಠದ ಶೇ. 75.

ಇಲ್ಲೊಂದು ಬಲೆ. ವಯಸ್ಸಾದಂತೆ ಗರಿಷ್ಠವೂ ಕುಗ್ಗಬಹುದು. ಆಗ ಶೇಕಡಾ ಮಾತ್ರ ಬರೆದರೆ ಅಜ್ಜಿಯೂ ಮೊಮ್ಮಗಳೂ ಒಂದೇ ಥರ ಕಾಣುತ್ತಾರೆ. 1.2, 1.6, ಶೇ. 75, ಮೂರನ್ನೂ ಬರೆಯಿರಿ.

ಅಂಕಿಗಳನ್ನು ನಂಬುವ ಮುಂಚೆ

ಒಬ್ಬರನ್ನೇ ಮೂರು ಬೇರೆ ದಿನ ಅಳೆಯಿರಿ. ಆ ಒಬ್ಬರ ಮೂರು ಅಂಕಿಗಳ ನಡುವಿನ ಅಂತರ, ಅಜ್ಜಿ ಮೊಮ್ಮಗಳ ನಡುವಿನ ಅಂತರದಷ್ಟೇ ಇದ್ದರೆ ನಿಮ್ಮ ವಿಧಾನ ಇನ್ನೂ ಕಚ್ಚಾ, ವಯಸ್ಸಿನ ಮಾತು ಎತ್ತುವ ಹಾಗಿಲ್ಲ. ನಮಗೆ ಪಿಐ ಪರೀಕ್ಷೆ ಇಲ್ಲೇ ಸೋತಿತು. ಬೆರಳು ಒತ್ತುವುದು ಮತ್ತು ತಣ್ಣೀರು ಉಳಿದವು. ಗ್ರಾಫಿನಲ್ಲಿ ಸರಾಸರಿಯ ಕಂಬ ಮಾತ್ರ ಹಾಕಬೇಡಿ, ಪ್ರತಿಯೊಬ್ಬರ ಚುಕ್ಕಿಯನ್ನೂ ಹಾಕಿ, ಅಡ್ಡಕ್ಕೆ ವಯಸ್ಸು ಇರಲಿ. ಕಾಲೇಜು ಮಟ್ಟದಲ್ಲಿ ಮಾಡುವುದಾದರೆ ಬೀದಿಯ ಇಪ್ಪತ್ತು ಮೂವತ್ತು ಜನರನ್ನು, ಎಲ್ಲಾ ವಯಸ್ಸಿನವರನ್ನು ಸೇರಿಸಿ, ಬಿಪಿ, ಸಕ್ಕರೆ, ಹೊಗೆಸೊಪ್ಪಿನ ಕಾಲಮ್ಮುಗಳನ್ನು ಪಕ್ಕದಲ್ಲೇ ಇಡಿ. ಅಜ್ಜಿ ಮತ್ತು ಮೊಮ್ಮಗಳ ನಡುವೆ ಇರುವುದು ವರ್ಷಗಳು ಮಾತ್ರ ಅಲ್ಲವಲ್ಲ. ಐವತ್ತು ವರ್ಷ ಬಿಸಿಲಲ್ಲಿ ನಾಟಿ ಹಾಕಿದ ಕೈಗೂ ಮೊಬೈಲ್ ಹಿಡಿದ ಕೈಗೂ ಬೇರೆ ವ್ಯತ್ಯಾಸಗಳು ಬಹಳ ಇವೆ.

ಮಗಳ ಪುಸ್ತಕದಲ್ಲಿ ಆ ಮೊದಲ ದಿನದ ವಾಕ್ಯ ಹಾಗೇ ಇದೆ, ಮೇಲೆ ಒಂದು ಗೆರೆ ಎಳೆದಿದ್ದಾಳೆ. ಕೆಳಗೆ ಬರೆದಿದ್ದಾಳೆ: "ಒಂದೇ ಕೋಣೆಯಲ್ಲಿ ಮೂರು ದಿನ ಅಳೆದಾಗ, ತಣ್ಣೀರಿನ ನಂತರ ಅಜ್ಜಿಯ ಬೆರಳು ನನ್ನ ಬೆರಳಿಗಿಂತ ನಿಧಾನವಾಗಿ ಬೆಚ್ಚಗಾಯಿತು. ಅಜ್ಜಿಗೆ ಬಿಪಿ ಮಾತ್ರೆ ಇದೆ. ಹೊಗೆಸೊಪ್ಪು ಬಿಟ್ಟು ಎರಡು ವರ್ಷ ಆಯಿತು ಅನ್ನುತ್ತಾಳೆ."